ಎನ್‌ಓಸಿ ಕೊಡುವುದಿಲ್ಲ: ಬನವಾಸಿ ಸೀಮೆಯ ಒಂದು ಸೋಲಾರ್ ಪ್ರಕರಣ

ಶಿರಸಿ ಅಂದ ಕೂಡಲೇ ಹೊರಗಿನವರ ಕಣ್ಣಿಗೆ ಬರುವುದು ಅಡಿಕೆ ತೋಟ, ಜಡಿಮಳೆ, ಕಾಡು. ಅದೇ ತಾಲೂಕಿನ ಪೂರ್ವಕ್ಕೆ, ಬನವಾಸಿ ಕಡೆ ಹೋದರೆ ನೆಲ ಚಪ್ಪಟೆಯಾಗುತ್ತದೆ, ಮಳೆಯೂ ಕಡಿಮೆ. ವರದಾ ನದಿಯ ಆಚೀಚೆ ಭತ್ತ, ಗೋವಿನಜೋಳ, ಅನಾನಸ್, ಶುಂಠಿ. ಉತ್ತರ ಕನ್ನಡ ಜಿಲ್ಲೆಯಲ್ಲಿ ಸೋಲಾರ್‌ನವರು ಜಾಗ ಹುಡುಕಿಕೊಂಡು ಬರುವುದು ಇಂಥ ಕಡೆಗೇ: ಬನವಾಸಿ, ಮುಂಡಗೋಡ, ಹಳಿಯಾಳ. ಉಳಿದ ಕಡೆ ಜಾಗ ಎಲ್ಲಿದೆ? ಜಿಲ್ಲೆಯ ಮುಕ್ಕಾಲು ಪಾಲಿಗಿಂತ ಜಾಸ್ತಿ ಅರಣ್ಯದ ಲೆಕ್ಕದಲ್ಲೇ ಇದೆ.

ಇದು ಸೋಲಾರ್ ಘಟಕಕ್ಕೆ ಬಾಡಿಗೆಗೆ ಕೊಡಲು ಹೊರಟು, ಪಂಚಾಯತಿ ಬೇಡ ಎಂದ ಒಂದೇ ಒಂದು ಜಮೀನಿನ ವಿಷಯ. ಊರು, ಸರ್ವೆ ನಂಬರು, ಜನರ ಹೆಸರು ಎಲ್ಲ ಬಿಟ್ಟಿದ್ದೇನೆ. ಕಾಗದಪತ್ರ ಒಮ್ಮೆ ನೋಡಿಕೊಡಿ ಎಂದು ಜಮೀನಿನ ಯಜಮಾನರು ಕೇಳಿದ್ದರಿಂದ ನಾನು ಇದರೊಳಗೆ ಬಂದೆ. ಹಾಗಾಗಿ ಪೂರ್ತಿ ತಟಸ್ಥ ಅಂತ ಹೇಳಿಕೊಳ್ಳುವುದಿಲ್ಲ. ಆದರೆ ತಕರಾರು ಎತ್ತಿದ ಕೆಳಗಿನ ತೋಟದವರ ಮನೆ ಜಗಲಿಯಲ್ಲೂ ಕೂತು ಮಾತು ಕೇಳಿದ್ದೇನೆ.

ಜಮೀನು ಹೇಗಿದೆ

ಯಜಮಾನರಿಗೆ ಎರಡು ಎಕರೆ ಗದ್ದೆ, ಅರ್ಧ ಎಕರೆ ಅಡಿಕೆ ತೋಟ, ನಾಲ್ಕೂವರೆ ಎಕರೆ ಹಕ್ಕಲು. ಇದಲ್ಲದೆ ತೋಟಕ್ಕೆ ಸೇರಿದ ನಾಲ್ಕು ಎಕರೆ ಬೆಟ್ಟ, ಅಂದರೆ ಸೊಪ್ಪು ತರಲು ಬಿಟ್ಟುಕೊಟ್ಟ ಜಾಗ. ಹಕ್ಕಲು ಅಂದರೆ ಮೇಲಿನ ಒಣ ಜಮೀನು. ಇವರ ಹಕ್ಕಲಲ್ಲಿ ಅರ್ಧಕ್ಕೆ ಗೋವಿನಜೋಳ ಹಾಕುತ್ತಾರೆ. ಉಳಿದರ್ಧ ಚಿರೆಕಲ್ಲಿನ (ಜಂಬಿಟ್ಟಿಗೆಯ) ನೆಲ, ಅಲ್ಲಿ ಕರಡ ಹುಲ್ಲು ಬಿಟ್ಟರೆ ಬೇರೇನೂ ಏಳುವುದಿಲ್ಲ. ನಡುವೆ ಎರಡು ಮತ್ತಿ ಮರ, ಒಂದಿಷ್ಟು ಕೌಳಿ ಮಟ್ಟಿ. ಜೋಳ ಹಾಕಿದ ಭಾಗಕ್ಕೂ ಕಾಡುಹಂದಿ ಕಾಟ. ಬೀಜ, ಗೊಬ್ಬರ, ಕಾವಲು ಎಲ್ಲ ಕಳೆದರೆ ಕೈಗೆ ಉಳಿಯುವುದು ಅಷ್ಟರಲ್ಲೇ ಇದೆ.

2022ರ ದೀಪಾವಳಿ ಕಳೆದ ಮೇಲೆ ಹುಬ್ಬಳ್ಳಿ ಕಡೆಯ ಒಬ್ಬ ಏಜೆಂಟ್ ಬಂದರು. 33/11 ಕೆವಿ ಸಬ್‌ಸ್ಟೇಷನ್ ಮೂರು ಕಿಲೋಮೀಟರ್ ಒಳಗಿದೆ, ಒಂದು ಮೆಗಾವ್ಯಾಟ್‌ಗೆ ನಾಲ್ಕು ಎಕರೆ ಸಾಕು, ಎಕರೆಗೆ ವರ್ಷಕ್ಕೆ 25,000 ರೂಪಾಯಿ, 25 ವರ್ಷದ ಕರಾರು ಎಂದರು. ವರ್ಷಕ್ಕೆ ಒಂದು ಲಕ್ಷ. ಹಂದಿ ತಿನ್ನುವುದಿಲ್ಲ, ಮಳೆ ಕೈಕೊಟ್ಟರೂ ಬರುತ್ತದೆ. ಯಜಮಾನರಿಗೆ ಅರವತ್ತು ದಾಟಿದೆ, ಮಗ ಬೆಂಗಳೂರಲ್ಲಿ. ಯಾರಾದರೂ ಹೂಂ ಅನ್ನುತ್ತಿದ್ದರು.

ಏಜೆಂಟ್ ಫೋನಿನಲ್ಲಿ ಉಪಗ್ರಹದ ಚಿತ್ರ ತೆಗೆದು ತೋರಿಸಿದ್ದು ಮಾತ್ರ ಹಕ್ಕಲನ್ನಲ್ಲ, ಅದರ ಪಕ್ಕದ ಬೆಟ್ಟವನ್ನು. ಮೇಲಿನಿಂದ ನೋಡಿದರೆ ಅದು ಬೋಳಾಗಿ, ಸಮತಟ್ಟಾಗಿ ಕಾಣುತ್ತದೆ. "ಇದೂ ನಿಮ್ದೇ ಅಲ್ವಾ ಯಜಮಾನ್ರೇ? ಇಲ್ಲೇ ಹಾಕೋಣ, ಹಕ್ಕಲು ನಿಮಗೇ ಉಳೀಲಿ" ಎಂದರು. ಘಟ್ಟದ ಕೆಳಗೂ ಮೇಲೂ ಇಂಥ ಮಾತಿಗೆ ಮರುಳಾದವರಿದ್ದಾರೆ. ಬೆಟ್ಟ ರೈತರ ಮಾಲ್ಕಿ ಅಲ್ಲ. ನಮ್ಮ ಜಿಲ್ಲೆಯಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟಿದ್ದು ಬ್ರಿಟಿಷರ ಕಾಲದಿಂದ ಬಂದ ಸವಲತ್ತು. ಸೊಪ್ಪು, ದರಕು (ಒಣ ಎಲೆ), ಕಟ್ಟಿಗೆ ತರಬಹುದು. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 79ನೇ ಕಲಂ ಈ ಸವಲತ್ತನ್ನು ಮುಂದುವರಿಸಿದೆ, ಅಷ್ಟೆ. ಅಲ್ಲಿ ಅರಣ್ಯೇತರ ಕೆಲಸ ಮಾಡಬೇಕೆಂದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಎದುರು ನಿಲ್ಲುತ್ತದೆ. ಪಹಣಿಯಲ್ಲಿ ಹೆಸರು ಕಂಡಿತೆಂದು ಬೆಟ್ಟವನ್ನು ಸೋಲಾರಿಗೆ ಕೊಡುತ್ತೇನೆ ಅಂದರೆ ಸವಲತ್ತೂ ಹೋಗಬಹುದು, ಕೇಸೂ ಬೀಳಬಹುದು. ಯಜಮಾನರಿಗೆ ಇದು ಗೊತ್ತಿತ್ತು. "ಬೆಟ್ಟದ ಸುದ್ದಿ ತೆಗೀಬೇಡಿ, ಹಕ್ಕಲು ಬೇಕಾದ್ರೆ ನೋಡಿ" ಎಂದು ಒಂದೇ ಮಾತಲ್ಲಿ ಮುಗಿಸಿದರು.

ಪಂಚಾಯತಿಯ ಠರಾವು

ಭೂ ಪರಿವರ್ತನೆ, ಅಂದರೆ ಎನ್‌ಎ ಅರ್ಜಿ ಹಾಕುವ ಮೊದಲು ಪಂಚಾಯತಿಯದೊಂದು ಎನ್‌ಓಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಇರಲಿ ಎಂದು ಏಜೆಂಟ್ ಹೇಳಿದರು. ಯಜಮಾನರು ಅರ್ಜಿ ಕೊಟ್ಟರು. ಇಲ್ಲಿಂದ ಗಂಟು ಬಿತ್ತು.

2023ರ ಬೇಸಿಗೆಯ ಗ್ರಾಮ ಸಭೆ ಶಾಲೆಯ ಅಂಗಳದಲ್ಲಿ ನಡೆಯಿತು. ಹಕ್ಕಲಿನ ಕೆಳಗಡೆ ತೋಟ ಇರುವವರು ಮೊದಲು ಎದ್ದರು. ಅವರ ಮಾತು ನೀರಿನದು. ಈಗ ಹಕ್ಕಲಲ್ಲಿ ಹುಲ್ಲಿದೆ, ಬದು ಇದೆ, ಮಳೆ ನೀರು ನಿಧಾನ ಇಳಿಯುತ್ತದೆ. ಜೆಸಿಬಿ ತಂದು ಮಟ್ಟ ಮಾಡಿದರೆ ಆಷಾಢದ ಮಳೆಗೆ ಕೆಂಪು ಮಣ್ಣೆಲ್ಲ ತಮ್ಮ ತೋಟದ ಕಾಲುವೆಗೆ ಎಂದರು. ಆಮೇಲೆ ಮೂರ್ನಾಲ್ಕು ಮನೆಯ ಹೆಂಗಸರು ಮಾತಾಡಿದರು. ಹಕ್ಕಲಿನ ಪಶ್ಚಿಮದ ಅಂಚಿನಲ್ಲಿ ಒಂದು ಕಾಲುದಾರಿ ಇದೆ. ದನ ಬೆಟ್ಟಕ್ಕೆ ಹೋಗುವುದು, ಸೊಪ್ಪಿನ ಹೊರೆ ಬರುವುದು ಅದರಲ್ಲೇ. "ನಿಮ್ಮ ಜಮೀನು ನಿಮ್ದೇ ಅಣ್ಣಾ, ಯಾರು ಅಲ್ಲ ಅಂದ್ರು? ಬೇಲಿ ಹಾಕಿದ್ ಮೇಲೆ ನಮ್ಮ ದನ ಎಲ್ಲಿ ಹಾಯ್ಬೇಕು, ಅದನ್ನ ಹೇಳಿ" ಎಂದು ಒಬ್ಬರು ಕೇಳಿದರು. ಯಜಮಾನರು ಆ ಕ್ಷಣಕ್ಕೆ ಉತ್ತರ ಕೊಡಲಿಲ್ಲ. ಕೊಡಬೇಕಿತ್ತು ಅಂತ ನನ್ನ ಅಭಿಪ್ರಾಯ.

ಇಲ್ಲಿಗೆ ನಿಂತಿದ್ದರೆ ಒಳ್ಳೆಯ ಸಭೆಯೇ. ಆದರೆ ನಡುವೆ ಯಾರೋ "ಒಂದು ಸಲ ಕಂಪನಿ ಕಾಲಿಟ್ರೆ ಊರೇ ಹೋಯ್ತು" ಎಂದರು. ಇನ್ನೊಬ್ಬರು ಸೀಬರ್ಡ್, ಕೈಗಾ ಎಲ್ಲ ಎಳೆದು ತಂದರು. ನಮ್ಮ ಜಿಲ್ಲೆಯವರಿಗೆ ಈ ಭಯ ಸುಮ್ನೆ ಬಂದದ್ದಲ್ಲ. ಕಾಳಿ ನದಿಯ ಅಣೆಕಟ್ಟುಗಳಿಗೆ, ನೌಕಾನೆಲೆಗೆ, ಅಣುಸ್ಥಾವರಕ್ಕೆ ಊರೂರೇ ಎದ್ದು ಹೋಗಿವೆ. ಆದರೆ ಅವು ಸರ್ಕಾರ ಕಿತ್ತುಕೊಂಡ ಭೂಮಿಗಳು. ಇದು ಒಬ್ಬ ರೈತ ತಾನೇ ಬಾಡಿಗೆಗೆ ಕೊಡಲು ಹೊರಟ ನಾಲ್ಕು ಎಕರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದು ಸರಿಯಲ್ಲ.

ಮುಂದಿನ ತಿಂಗಳ ಸಾಮಾನ್ಯ ಸಭೆಯಲ್ಲಿ ಠರಾವು ಪಾಸಾಯಿತು. ಅದರ ನಕಲು ನನ್ನ ಹತ್ತಿರ ಇದೆ. ಮೂರು ಸಾಲು. ಸಾರ್ವಜನಿಕರ ವಿರೋಧ ಇರುವುದರಿಂದ ಎನ್‌ಓಸಿ ನಿರಾಕರಿಸಲಾಗಿದೆ, ಇನ್ನು ಮುಂದೆ ಪಂಚಾಯತಿ ವ್ಯಾಪ್ತಿಯಲ್ಲಿ ಯಾವುದೇ ಸೋಲಾರ್ ಘಟಕಕ್ಕೆ ಅನುಮತಿ ಕೊಡತಕ್ಕದ್ದಲ್ಲ. ನೀರಿನ ಮಾತಿಲ್ಲ. ದಾರಿಯ ಮಾತೂ ಇಲ್ಲ. ಯಾವ ಕಾಯ್ದೆಯ ಯಾವ ಕಲಂ ಎಂಬುದೂ ಇಲ್ಲ.

ಪಂಚಾಯತಿಗೆ ಎಷ್ಟು ಅಧಿಕಾರ?

ಯಜಮಾನರ ವಾದ ಸರಳ. "ಪಹಣೀಲಿ ನನ್ನ ಹೆಸ್ರಿದೆ, ಕಂದಾಯ ನಾನು ಕಟ್ತೇನೆ. ಬೇಡ ಅನ್ನೋಕೆ ಇವ್ರು ಯಾರು?" ಈ ಮಾತಿನಲ್ಲಿ ಹುರುಳಿದೆ. ಆಸ್ತಿ ಹಕ್ಕು 1978ರ 44ನೇ ತಿದ್ದುಪಡಿಯ ನಂತರ ಮೂಲಭೂತ ಹಕ್ಕಲ್ಲ, ನಿಜ. ಆದರೆ ಸಂವಿಧಾನದ 300ಎ ವಿಧಿ ಇನ್ನೂ ಇದೆ: ಕಾನೂನಿನ ಬಲವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ. ಪಂಚಾಯತಿಯ ಠರಾವು ತನ್ನಷ್ಟಕ್ಕೆ ತಾನೇ ಕಾನೂನಲ್ಲ. ಅದರ ಹಿಂದೆ ಕಾಯ್ದೆಯ ಒಂದು ಕಲಂ ಇರಬೇಕು.

1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಹುಡುಕಿದರೆ ಸಿಗುವುದು ಮುಖ್ಯವಾಗಿ ಎರಡು. 64ನೇ ಕಲಂ: ಕಟ್ಟಡ ಕಟ್ಟಲು ಪಂಚಾಯತಿ ಅನುಮತಿ ಬೇಕು. 66ನೇ ಕಲಂ: ಕಾರ್ಖಾನೆ ಕಟ್ಟಲು, ವಿದ್ಯುತ್ ಅಥವಾ ಬೇರೆ ಶಕ್ತಿಯಿಂದ ಓಡುವ ಯಂತ್ರ ಕೂರಿಸಲು ಅನುಮತಿ ಬೇಕು. ಕಂಟ್ರೋಲ್ ರೂಮ್ ಕಟ್ಟಡ, ಅದಕ್ಕೆ ಅನುಮತಿ ಕೇಳಬೇಕು, ಸರಿ. ಕಂಬದ ಮೇಲೆ ಕೂರಿಸಿದ ಪ್ಯಾನೆಲ್ ಕಟ್ಟಡವೇ? ಕರೆಂಟಿನಿಂದ ಓಡುವ ಯಂತ್ರವೇ? ಅದು ಕರೆಂಟ್ ತಿನ್ನುವುದಿಲ್ಲ, ಕೊಡುತ್ತದೆ. ವಕೀಲರು ಇದನ್ನು ಎರಡೂ ಕಡೆ ಎಳೆಯಬಹುದು. ಹೇಗೇ ಎಳೆದರೂ, ಒಂದು ಅರ್ಜಿಯನ್ನು ನೋಡಿ ಕಾರಣ ಬರೆದು ತೀರ್ಮಾನಿಸುವ ಅಧಿಕಾರ ಸಿಗುತ್ತದೆಯೇ ಹೊರತು ಇಡೀ ವ್ಯಾಪ್ತಿಗೆ ಮುಂದಿನ ಕಾಲಕ್ಕೂ ಬಾಗಿಲು ಹಾಕುವ ಅಧಿಕಾರ ಸಿಗುವುದಿಲ್ಲ ಎಂಬುದು ನನ್ನ ಓದು. ಇನ್ನೊಂದು ತಮಾಷೆ: ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳು ಸಂವಿಧಾನದ 11ನೇ ಅನುಸೂಚಿಯಲ್ಲಿವೆ. ಅದರಲ್ಲಿ 15ನೆಯದು ಅಸಾಂಪ್ರದಾಯಿಕ ಇಂಧನ ಮೂಲಗಳು. ಸೋಲಾರ್ ಬೆಳೆಸಬೇಕಾದ ಸಂಸ್ಥೆಯೇ ಅದಕ್ಕೆ ಬೇಲಿ ಹಾಕಿದಂತಾಯಿತು.

ಯಜಮಾನರು ತಾಲೂಕು ಪಂಚಾಯತಿಗೆ ಮೇಲ್ಮನವಿ ಹಾಕಿದರು. ಕೆಲವು ತಿಂಗಳ ನಂತರ ಬಂದ ಉತ್ತರ ಚಿಕ್ಕದು: ಯಾವ ಕಲಂ ಅಡಿ ನಿರಾಕರಿಸಿದ್ದೀರಿ ಎಂದು ನಮೂದಿಸಿಲ್ಲ, ಅರ್ಜಿದಾರರ ಅಹವಾಲು ಕೇಳಿ ಮರುಪರಿಶೀಲಿಸಿ. ಪಂಚಾಯತಿ ಸದಸ್ಯರಿಗೆ ಇದು ಅವಮಾನ ಅನಿಸಿತು. ಅರ್ಜಿ ಮತ್ತೆ ಅಜೆಂಡಾಕ್ಕೆ ಬರುವಷ್ಟರಲ್ಲಿ ಮಳೆಗಾಲ ಕಳೆದು ಅಡಿಕೆ ಕೊಯ್ಲು ಶುರುವಾಗಿತ್ತು. ಕೊಯ್ಲಿನ ಕಾಲದಲ್ಲಿ ಈ ಕಡೆ ಯಾವ ಸಭೆಗೂ ಕೋರಂ ಆಗುವುದಿಲ್ಲ.

ಈ ಜಗಳ ನಮ್ಮ ಊರಿನದು ಮಾತ್ರ ಅಲ್ಲ. ಅಮೆರಿಕದ ಒಹಾಯೊ ರಾಜ್ಯ 2021ರಲ್ಲಿ ಒಂದು ಕಾನೂನು ತಂದು, ದೊಡ್ಡ ಸೋಲಾರ್ ಘಟಕ ಬರದಂತೆ ಪ್ರದೇಶ ಗುರುತಿಸುವ ಅಧಿಕಾರವನ್ನು ಕೌಂಟಿಗಳಿಗೆ ಕೊಟ್ಟಿತು. ಕೌಂಟಿ ಅಂದರೆ ನಮ್ಮ ಜಿಲ್ಲಾ ಪಂಚಾಯತಿಯಂಥದ್ದು ಎಂದುಕೊಳ್ಳಿ. ಪಕ್ಕದ ಮಿಷಿಗನ್ 2023ರಲ್ಲಿ ಉಲ್ಟಾ ಹೋಯಿತು. ದೊಡ್ಡ ಘಟಕಗಳಿಗೆ ಸ್ಥಳೀಯರು ಅಡ್ಡಿ ಮಾಡಿದರೆ ರಾಜ್ಯದ ಆಯೋಗವೇ ಅನುಮತಿ ಕೊಡುವ ದಾರಿ ಮಾಡಿತು. ಅಲ್ಲಿಯ ರೈತರೂ "ನನ್ನ ಜಮೀನು" ಅನ್ನುತ್ತಾರೆ, ನೆರೆಯವರೂ "ನಮ್ಮ ಊರು" ಅನ್ನುತ್ತಾರೆ. ಒಂದು ವ್ಯತ್ಯಾಸ ಮಾತ್ರ ಗಮನಿಸಬೇಕು. ಒಹಾಯೊದಲ್ಲಿ ಬೇಡ ಅನ್ನುವ ಅಧಿಕಾರವನ್ನು ಶಾಸನಸಭೆ ಕೂತು ಬರೆದು ಕೊಟ್ಟಿದೆ. ಇಲ್ಲಿ ಅದು ಮೂರು ಸಾಲಿನ ಠರಾವಿನಿಂದ ಹುಟ್ಟಿಕೊಂಡಿತು.

ಮಾರಬಹುದು, ಗೇಣಿಗೆ ಕೊಡುವಂತಿಲ್ಲ

ಪಂಚಾಯತಿಯ ಗದ್ದಲದಲ್ಲಿ ಯಾರ ಕಣ್ಣಿಗೂ ಬೀಳದ ದೊಡ್ಡ ತೊಡಕು ಬೇರೆಯೇ ಇತ್ತು. ಕರ್ನಾಟಕ ಭೂಸುಧಾರಣಾ ಕಾಯ್ದೆಯ 5ನೇ ಕಲಂ ಪ್ರಕಾರ ಕೃಷಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ. ಉಳುವವನೇ ಹೊಲದೊಡೆಯ ಎಂಬ 1974ರ ತಿದ್ದುಪಡಿಯ ಬೆನ್ನೆಲುಬೇ ಅದು. ಈ ಜಿಲ್ಲೆಯಲ್ಲಿ ಎಷ್ಟೋ ಮನೆಗಳು ಫಾರಂ 7 (ಗೇಣಿದಾರರು ಜಮೀನಿನ ಹಕ್ಕು ಕೇಳುವ ಅರ್ಜಿ) ತುಂಬಿ, ನ್ಯಾಯಮಂಡಳಿಯ ಮುಂದೆ ನಿಂತು ಜಮೀನು ಪಡೆದವು. ಈ ಯಜಮಾನರ ತಂದೆಯೂ ಅವರಲ್ಲೊಬ್ಬರು. ಗೇಣಿ ಮತ್ತೆ ಬರಬಾರದು ಎಂದು ಹಾಕಿದ ಬೀಗ ಅದು.

ಆದರೆ 2020ರಲ್ಲಿ ಸರ್ಕಾರ ಅದೇ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿತು. ರೈತರಲ್ಲದವರೂ ಈಗ ಕೃಷಿ ಜಮೀನು ಕೊಳ್ಳಬಹುದು. ಫಲ ಏನಾಯಿತು ನೋಡಿ. ಈ ಯಜಮಾನರು ಹಕ್ಕಲನ್ನು ಬೆಂಗಳೂರಿನ ಯಾರಿಗೋ ಮಾರಿ ಕೈತೊಳೆದುಕೊಳ್ಳಬಹುದು. ಪಂಚಾಯತಿಯನ್ನು ಕೇಳಬೇಕಿಲ್ಲ, ಊರಿನವರೂ ತಡೆಯುವಂತಿಲ್ಲ. ಜಮೀನು ತಮ್ಮ ಹೆಸರಲ್ಲೇ ಉಳಿಸಿಕೊಂಡು 25 ವರ್ಷ ಬಾಡಿಗೆ ತಿನ್ನುತ್ತೇನೆ ಅಂದರೆ ಮಾತ್ರ ಕಾನೂನು ಅಡ್ಡ. ರೈತನ ಕೈಯಲ್ಲಿ ಜಮೀನು ಉಳಿಯಲಿ ಎಂದು ಮಾಡಿದ ಕಾಯ್ದೆ, ಮಾರು ಎಂದು ಬೆನ್ನು ತಟ್ಟುತ್ತಿದೆ. ನಮ್ಮ ಜಿಲ್ಲೆಗೂ ದಕ್ಷಿಣ ಕನ್ನಡಕ್ಕೂ ಸೀಗಡಿ, ಮೀನು ಸಾಕಣೆಗೆಂದು 1995ರ ತಿದ್ದುಪಡಿಯಲ್ಲಿ ಗೇಣಿಯ ವಿನಾಯಿತಿ ಕೊಟ್ಟಿದ್ದಾರೆ. ಸೀಗಡಿಗೆ ಸಿಕ್ಕ ದಾರಿ ಹಕ್ಕಲಿನ ರೈತನಿಗೆ ಇಲ್ಲ.

ಹಾಗಾಗಿ ಆಗ ಮೊದಲು ಭೂ ಪರಿವರ್ತನೆ, ಆಮೇಲೆ ನೋಂದಾಯಿತ ಕರಾರು ಆಗಬೇಕಿತ್ತು. ಸೋಲಾರಿಗೆ ಪರಿವರ್ತನೆಯ ನಿಯಮವನ್ನು ಸರ್ಕಾರ ಆಗಾಗ ಸಡಿಲ ಮಾಡುತ್ತಾ ಬಂದಿದೆ. ಸಡಿಲವಾದರೂ ಆಗ ನಕ್ಷೆ ಬೇಕೇ ಬೇಕಿತ್ತು. ಸರ್ವೆ ನಂಬರಿನ ಒಂದು ಭಾಗಕ್ಕೆ ಪರಿವರ್ತನೆ ಕೇಳಿದರೆ 11ಇ ನಕ್ಷೆ, ಅಂದರೆ ಆ ಭಾಗವನ್ನು ಅಳೆದು ಬೇರೆ ತೋರಿಸುವ ನಕ್ಷೆ, ಆಗಬೇಕಿತ್ತು. ಸರ್ವೆಯವರು ಬಂದು ನೋಡಿದಾಗ ಗೊತ್ತಾಯಿತು, ಹಕ್ಕಲು ಇನ್ನೂ ಜಂಟಿ ಖಾತೆಯಲ್ಲಿದೆ. ಯಜಮಾನರು, ಅವರ ತಮ್ಮ, ಗೋಕರ್ಣದ ಕಡೆ ಮದುವೆಯಾಗಿ ಹೋದ ತಂಗಿ. ಮೂವತ್ತು ವರ್ಷದಿಂದ ಉಳುತ್ತಿರುವುದು ಅಣ್ಣ, ಹಿಸ್ಸೆ ಮಾತ್ರ ಕಾಗದದಲ್ಲಿ ಆಗಿಲ್ಲ. "ನನ್ನ ಜಮೀನು" ಎಂದು ಸಭೆಯಲ್ಲಿ ಹೇಳಿದ ಮಾತಿಗೆ ಪಹಣಿಯಲ್ಲಿ ಮೂವರ ಹೆಸರಿತ್ತು. ತಂಗಿ ಸಹಿ ಹಾಕಲು ಒಪ್ಪಿದರು, ಬಾಡಿಗೆಯಲ್ಲಿ ತನ್ನ ಪಾಲು ಕೇಳಿದರು. ಕೇಳಿದ್ದರಲ್ಲಿ ತಪ್ಪೇನಿದೆ? ಈ ಮಾತು ಮುಗಿಯುವುದಕ್ಕೆ ಒಂದು ಶ್ರಾವಣ, ಒಂದು ಗಣೇಶ ಚೌತಿ ಬೇಕಾಯಿತು.

ಇನ್ನು ಲೈನು. ಸಬ್‌ಸ್ಟೇಷನ್ನಿಗೆ ನೇರ ಎಳೆದರೆ ನಡುವೆ ಅರಣ್ಯದ ತುಂಡು ಸಿಗುತ್ತದೆ. ಕಂಬ ನಾಲ್ಕೇ ಇರಲಿ, ಅರಣ್ಯ ಭೂಮಿಯ ಮೇಲೆ ತಂತಿ ಹಾಯಬೇಕಾದರೆ ಅರಣ್ಯ ಅನುಮತಿ ಬೇಕು. ರಸ್ತೆ ಬದಿಯಲ್ಲಿ ಸುತ್ತು ಹಾಕಿದರೆ ದೂರ ಹೆಚ್ಚು ಕಡಿಮೆ ಇಮ್ಮಡಿ. ಆ ಖರ್ಚು ಕಂಪನಿಯದು. ಏಜೆಂಟಿನ ಫೋನು ನಿಧಾನವಾಗತೊಡಗಿದ್ದು ಇಲ್ಲಿಂದ.

ಕರಾವಳಿಯಲ್ಲಾಗಿದ್ದರೆ ಪಟ್ಟಿ ಬೇರೆಯಾಗುತ್ತಿತ್ತು. ಕುಮಟಾ ತಾಲೂಕಿನ ಗಜನಿಗಳನ್ನೇ (ಉಪ್ಪುನೀರು ನುಗ್ಗುವ ಗದ್ದೆ) ತೆಗೆದುಕೊಳ್ಳಿ. ಕಗ್ಗ ಭತ್ತ ಬೆಳೆಯುತ್ತಿದ್ದ ಎಷ್ಟೋ ಗಜನಿ ಪಾಳು ಬಿದ್ದಿವೆ. ಅಲ್ಲಿ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಬರುತ್ತದೆ. ಆಶ್ಚರ್ಯ ಅಂದರೆ ಸಿಆರ್‌ಝಡ್ ಅಧಿಸೂಚನೆ ಅಸಾಂಪ್ರದಾಯಿಕ ವಿದ್ಯುತ್ತಿಗೆ ಪೂರ್ತಿ ಬಾಗಿಲು ಹಾಕಿಲ್ಲ, ಅನುಮತಿ ಪಡೆದು ಮಾಡಬಹುದು ಎಂದಿದೆ. ಆದರೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಪಕ್ಕದಲ್ಲಿದ್ದರೆ ಮುಗಿಯಿತು. ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ 2024ರಲ್ಲಿ ರಾಮ್ಸಾರ್ ಪಟ್ಟಿಗೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ ಸೇರಿದೆ. ಅಲ್ಲಿ ಸೋಲಾರ್ ಬೇಡ ಎಂಬುದಕ್ಕೆ ಮೀನು, ಬಳಚು (ಚಿಪ್ಪುಜೀವಿ), ಹಕ್ಕಿ ಎಲ್ಲ ಗಟ್ಟಿ ಕಾರಣಗಳೇ. ಚಿರೆಕಲ್ಲಿನ ಹಕ್ಕಲಿಗೆ ಆ ಕಾರಣ ಹೊಂದುವುದಿಲ್ಲ.

ನೆರೆಯವರದೂ ಆಸ್ತಿ ಹಕ್ಕೇ

ಈ ಪ್ರಕರಣವನ್ನು ಬಹಳ ಜನ ರೈತನ ಹಕ್ಕು ಒಂದು ಕಡೆ, ಊರಿನ ಹಟ ಇನ್ನೊಂದು ಕಡೆ ಎಂದು ನೋಡಿದರು. ನನಗೆ ಹಾಗೆ ಕಾಣಲಿಲ್ಲ. ಆ ಕಾಲುದಾರಿಯನ್ನು ನಡೆದು ನೋಡಿದೆ. ಹಕ್ಕಲಿನ ಅಂಚಿಗೆ ಅಗಳ (ಕಂದಕ), ಅಗಳದ ಪಕ್ಕ ದನದ ಗೊರಸಿಗೆ ಸವೆದು ಅರ್ಧ ಮೊಳ ಆಳವಾದ ದಾರಿ. ಎರಡು ಕಡೆ ಚಿರೆಕಲ್ಲು ಕಡಿದು ಮೆಟ್ಟಿಲು ಮಾಡಿದ್ದಾರೆ. ಅದು ನಿನ್ನೆ ಮೊನ್ನೆಯ ದಾರಿಯಲ್ಲ. 1882ರ ಈಸ್‌ಮೆಂಟ್ ಕಾಯ್ದೆ ಪ್ರಕಾರ ಇಪ್ಪತ್ತು ವರ್ಷ ಬಹಿರಂಗವಾಗಿ, ಹಕ್ಕಿನಿಂದ, ತಡೆಯಿಲ್ಲದೆ ಓಡಾಡಿದ ದಾರಿಯ ಮೇಲೆ ಹಕ್ಕು ಹುಟ್ಟುತ್ತದೆ. ಮಾಲ್ಕಿ ಯಾರದೇ ಇರಲಿ, ಬೇಲಿ ಹಾಕಿ ಮುಚ್ಚುವಂತಿಲ್ಲ. ಸಭೆಯಲ್ಲಿ ಆ ಹೆಂಗಸರು ಕೇಳಿದ್ದು ದಯೆಯನ್ನಲ್ಲ, ತಮ್ಮ ಹಕ್ಕನ್ನು.

ನೀರೂ ಹಾಗೆಯೇ. ಮೇಲಿನ ಜಮೀನಿನ ನೀರು ಸಹಜವಾಗಿ ಕೆಳಗೆ ಹರಿದರೆ ಕೆಳಗಿನವರು ಸಹಿಸಿಕೊಳ್ಳಬೇಕು. ನೆಲದ ರೂಪವನ್ನೇ ಬದಲಿಸಿ ಒಂದೇ ಬಾಯಿಂದ ಹರಿಸಿದರೆ ಸಹಿಸಿಕೊಳ್ಳಬೇಕಿಲ್ಲ. ಲೆಕ್ಕ ಮಾಡಿ: ಒಂದು ಇಂಚು ಮಳೆ ಒಂದು ಎಕರೆ ಮೇಲೆ ಬಿದ್ದರೆ ಸುಮಾರು ಒಂದು ಲಕ್ಷ ಲೀಟರ್ ನೀರು. ನಾಲ್ಕು ಎಕರೆಗೆ ನಾಲ್ಕು ಲಕ್ಷ. ಈ ಸೀಮೆಯಲ್ಲಿ ಜುಲೈ ತಿಂಗಳಲ್ಲಿ ಒಂದು ದಿನಕ್ಕೆ ಎರಡು ಮೂರು ಇಂಚು ಬೀಳುವುದು ವಿಶೇಷವಲ್ಲ. ಪ್ಯಾನೆಲ್ ಹಾಕಿದರೆ ಮಳೆ ಜಾಸ್ತಿಯಾಗುವುದಿಲ್ಲ, ಸರಿ. ಆದರೆ ಪ್ಯಾನೆಲಿನ ಕೆಳ ಅಂಚಿನಿಂದ ನೀರು ಸಾಲಾಗಿ ಒಂದೇ ಗೆರೆಗೆ ಸುರಿಯುತ್ತದೆ, ಅಲ್ಲಿ ಹುಲ್ಲಿಲ್ಲದಿದ್ದರೆ ಮಣ್ಣು ಕೊರೆಯುತ್ತದೆ. ಕೆಳಗಿನ ತೋಟದವರು ಹೇಳಿದ್ದು ಅಕ್ಷರಶಃ ಇದನ್ನೇ. ಅವರು ಇಂಜಿನಿಯರ್ ಅಲ್ಲ, ನಲವತ್ತು ಮಳೆಗಾಲ ಆ ಕಾಲುವೆ ಬಿಡಿಸಿದವರು.

ಪಾವಗಡದಿಂದ ಕಲಿಯುವುದೂ ಇದೆ. ತುಮಕೂರು ಜಿಲ್ಲೆಯ ಆ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್, ಸುಮಾರು 13,000 ಎಕರೆ. ಭೂಮಿ ಸ್ವಾಧೀನ ಮಾಡದೆ ರೈತರಿಂದ ಬಾಡಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ. ಜಮೀನು ಇದ್ದವರಿಗೆ ಬರಗಾಲದಲ್ಲೂ ದುಡ್ಡು ಬಂತು. ಜಮೀನು ಇಲ್ಲದ ಕೂಲಿಯವರು, ಕುರಿ ಮೇಯಿಸುವವರು ಕೆಲಸವನ್ನೂ ಮೇವಿನ ಜಾಗವನ್ನೂ ಕಳೆದುಕೊಂಡರು. ಕರಾರಿಗೆ ಸಹಿ ಹಾಕುವ ಮೇಜಿನ ಮುಂದೆ ಅವರಿಗೆ ಕುರ್ಚಿ ಇರಲಿಲ್ಲ. ನಮ್ಮ ಪಂಚಾಯತಿ ಇರಬೇಕಾದದ್ದು ಇಂಥವರಿಗಾಗಿ. ಬೇಡ ಎಂದು ಬರೆದು ಫೈಲು ಮುಚ್ಚಿದ್ದರಿಂದ ಅವರ ಮಾತೂ ಅದರೊಳಗೇ ಮುಚ್ಚಿಹೋಯಿತು.

ಎರಡನೇ ಸಭೆ

2024ರ ಬೇಸಿಗೆಯಲ್ಲಿ ವಿಷಯ ಮತ್ತೆ ಬಂತು. ಹೊಸ ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಬಂದಿದ್ದರು. ಅವರು ಸಭೆಗೆ ಮೊದಲು ಹಕ್ಕಲಿಗೇ ಹೋಗೋಣ ಎಂದರು. ಕೆಳಗಿನ ತೋಟದವರು, ದನ ಇರುವ ಮನೆಯವರು, ಯಜಮಾನರು, ಕಂಪನಿಯ ಒಬ್ಬ ಹುಡುಗ, ಎಲ್ಲ ಬೆಳಿಗ್ಗೆ ಬಿಸಿಲೇರುವ ಮೊದಲು ಹೋದರು. ಇಡೀ ಪ್ರಕರಣದಲ್ಲಿ ಉಪಯೋಗಕ್ಕೆ ಬಂದ ಒಂದೇ ಬೆಳಗು ಅದು.

ದಾರಿಗೆ ಪಶ್ಚಿಮದ ಅಂಚಿನಲ್ಲಿ ಹತ್ತು ಅಡಿ ಬಿಟ್ಟು ಅದರ ಒಳಗಡೆಗೆ ಬೇಲಿ ಹಾಕುವುದು ಎಂದಾಯಿತು. ಹತ್ತು ಸಾಲದು, ಹುಲ್ಲಿನ ಗಾಡಿ ಹಾಯಬೇಕು ಎಂದು ಒಬ್ಬರು ಹಟ ಹಿಡಿದು ಹನ್ನೆರಡು ಮಾಡಿಸಿದರು. ಜೆಸಿಬಿಯಿಂದ ಮಟ್ಟ ಮಾಡುವುದು ಬೇಡ, ಇಳಿಜಾರಿಗೆ ತಕ್ಕಂತೆ ಕಂಬ ಹಾಕಿ. ಕೆಳ ಅಂಚಿಗೆ ಹೊಸ ಅಗಳ, ಅದರಲ್ಲಿ ಅಲ್ಲಲ್ಲಿ ಇಂಗುಗುಂಡಿ, ಅದೂ ಮಳೆ ಹಿಡಿಯುವ ಮೊದಲೇ ಮುಗಿಯಬೇಕು. ಕಳೆನಾಶಕ ಹೊಡೆಯುವಂತಿಲ್ಲ, ಏಕೆಂದರೆ ಕೆಳಗೆ ಬಾವಿ ಇದೆ. ಹುಲ್ಲನ್ನು ಊರಿನವರೇ ಕೊಯ್ದುಕೊಂಡು ಹೋಗಬಹುದು. ಪ್ಯಾನೆಲನ್ನು ಎತ್ತರಿಸಿ ಕೂರಿಸಿದರೆ ಕೆಳಗೆ ಹುಲ್ಲು ಬೆಳೆಯುತ್ತದಲ್ಲ ಎಂಬ ಮಾತೂ ಬಂತು. ರೈತರ ಸೋಲಾರಿಗೆಂದು ಕೇಂದ್ರ ಸರ್ಕಾರ ತಂದ ಕುಸುಮ್ ಯೋಜನೆಯ 2019ರ ಮಾರ್ಗಸೂಚಿಯಲ್ಲೇ, ಸಾಗುವಳಿ ಜಮೀನಾದರೆ ಎತ್ತರದ ಕಂಬದ ಮೇಲೆ ಹಾಕಬಹುದು ಎಂದು ಇದೆ. ಕಂಪನಿ ಹುಡುಗ ಖರ್ಚಿನ ಲೆಕ್ಕ ಹೇಳಿ ಅದಕ್ಕೆ ಒಪ್ಪಲಿಲ್ಲ. ಮತ್ತಿ ಮರ ಎರಡನ್ನೂ ಕಡಿಯುವುದಿಲ್ಲ, ನೆರಳು ಬೀಳುವ ಜಾಗ ಬಿಟ್ಟು ಪ್ಯಾನೆಲ್ ಹಾಕುತ್ತೇವೆ ಎಂದು ಮಾತ್ರ ಒಪ್ಪಿದ.

25 ವರ್ಷ ಕಳೆದ ಮೇಲೆ ಈ ಗಾಜು, ಕಬ್ಬಿಣ, ಕಾಂಕ್ರೀಟ್ ಎಲ್ಲ ಯಾರು ತೆಗೆಯಬೇಕು ಎಂದು ಕೇಳಿದ್ದು ಯಜಮಾನರ ತಮ್ಮ. ಕರಾರಿನ ಕರಡಿನಲ್ಲಿ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಕಂಪನಿ ಆಗ ಇರುತ್ತದೆಯೋ ಇಲ್ಲವೋ, ಜಮೀನು ಇರುತ್ತದೆ. ತೆಗೆಯುವ ಹೊಣೆ ಕಂಪನಿಯದು, ಅದಕ್ಕೆ ಮುಂಗಡವಾಗಿ ಒಂದು ಠೇವಣಿ ಎಂದು ಸೇರಿಸಲಾಯಿತು. ನನ್ನ ಕೇಳಿದರೆ ಇದು ಎಲ್ಲ ಷರತ್ತುಗಳಿಗಿಂತ ಮೇಲಿನದು, ಏಕೆಂದರೆ ಇದು ಊರನ್ನಲ್ಲ, ರೈತನನ್ನೇ ಕಾಯುತ್ತದೆ.

ಇಷ್ಟನ್ನೂ ಬರೆದು, 64ನೇ ಕಲಂ ನಮೂದಿಸಿ, ಕಂಟ್ರೋಲ್ ರೂಮಿಗೆ ಷರತ್ತಿನ ಅನುಮತಿ ಕೊಟ್ಟು ಹೊಸ ಠರಾವು ಆಯಿತು. ಹಳೆಯ ಠರಾವಿನ ಸಾರಾಸಗಟು ನಿಷೇಧದ ಸಾಲು ರದ್ದಾಯಿತು. ವಿರೋಧ ಮಾಡಿದ್ದ ಇಬ್ಬರು ಸದಸ್ಯರು ಸಭೆಗೆ ಬರಲಿಲ್ಲ, ಅದೂ ಒಂದು ರೀತಿಯ ಒಪ್ಪಿಗೆಯೇ.

ತಡವಾದದ್ದಕ್ಕೆ ಬೆಲೆ ಯಾರು ಕೊಡಬೇಕು

ಅಷ್ಟರಲ್ಲಿ ಕಂಪನಿಯ ಗಡುವು ಮುಗಿದಿತ್ತು. ಎನ್‌ಎ ಆಗಿಲ್ಲ, ಲೈನಿನ ದಾರಿ ಖಚಿತವಿಲ್ಲ, ಇನ್ನೊಂದು ಜಿಲ್ಲೆಯಲ್ಲಿ ಸಿದ್ಧ ಜಾಗ ಸಿಕ್ಕಿದೆ ಎಂದು ಹೇಳಿ ಅವರು ಹೊರಟರು. ಯಜಮಾನರಿಗೆ ಒಂದು ರೂಪಾಯಿ ಬರಲಿಲ್ಲ. ಸರ್ವೆ ಶುಲ್ಕ, ಓಡಾಟ, ವಕೀಲರ ಫೀಸು ಕೈಯಿಂದ ಹೋಯಿತು.

ಇಂಥ ತಡಕ್ಕೆ ಬೆಲೆ ಯಾರು ಕೊಡಬೇಕು ಎಂಬ ಪ್ರಶ್ನೆ ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟ್‌ವರೆಗೆ ಹೋಗಿದೆ. 2014ರ ಸೋಲಾರ್ ನೀತಿಯಡಿ ರೈತರ ಜಮೀನಿನಲ್ಲಿ 1ರಿಂದ 3 ಮೆಗಾವ್ಯಾಟ್ ಘಟಕ ಹಾಕುವ ಯೋಜನೆ ಬಂದಿತ್ತು. ಯೂನಿಟ್ಟಿಗೆ 8.40 ರೂಪಾಯಿ ದರ. ಹಿರೇಹಳ್ಳಿಯ ಘಟಕ ಭೂ ಪರಿವರ್ತನೆ ಮತ್ತಿತರ ಅನುಮತಿಗಳು ತಡವಾಗಿ ಸಿಕ್ಕಿ ಗಡುವು ಮೀರಿತು. ವಿದ್ಯುತ್ ನಿಯಂತ್ರಣ ಆಯೋಗ ದರವನ್ನು 6.51ಕ್ಕೆ ಇಳಿಸಿತು, ಮೇಲಿಂದ ದಂಡ. 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಘಟಕದವರ ಪರ ನಿಂತಿತು. ಸರ್ಕಾರಿ ಕಚೇರಿಗಳ ತಡ ಅವರ ಕೈ ಮೀರಿದ್ದು, ಅದಕ್ಕೆ ಅವರ ದರ ಕತ್ತರಿಸುವಂತಿಲ್ಲ ಎಂಬುದು ತೀರ್ಪಿನ ತಿರುಳು. ಕರಾರು ಆದವರಿಗೆ ಈ ತೀರ್ಪು ಆಸರೆ. ನಮ್ಮ ಯಜಮಾನರು ಕರಾರಿನವರೆಗೆ ಬರಲೇ ಇಲ್ಲ. ಬರದಂತೆ ತಡೆದ ಠರಾವು ತಪ್ಪೆಂದು ಸಾಬೀತಾದರೂ ಅವರು ಯಾರ ಮೇಲಾದರೂ ನಷ್ಟ ಕೇಳುವ ದಾರಿ ನನಗೆ ಕಾಣುವುದಿಲ್ಲ.

ಪಂಚಾಯತಿಯ ಮೊದಲ ಠರಾವಿನಲ್ಲೇ ಎರಡನೆಯ ಠರಾವಿನ ಮಾತುಗಳಿದ್ದಿದ್ದರೆ ಏನಾಗುತ್ತಿತ್ತು? ಹಿಸ್ಸೆ, ಲೈನು, ಎನ್‌ಎ ಆಗಲೂ ಇರುತ್ತಿದ್ದವು. ಆದರೆ ಒಂದು ವರ್ಷ ಉಳಿಯುತ್ತಿತ್ತು, ಕಂಪನಿ ಓಡಿಹೋಗುವ ಮೊದಲು ಲೈನಿನ ಬಗ್ಗೆ ವಿದ್ಯುತ್ ಸರಬರಾಜಿನ ಹೆಸ್ಕಾಂ ಜೊತೆ ಕೂತು ಮಾತಾಡಲು ಸಮಯ ಇರುತ್ತಿತ್ತು. ಬೇಡ ಅನ್ನುವ ಅಧಿಕಾರ ಪಂಚಾಯತಿಗೆ ಇರಲಿಲ್ಲ. ಹೀಗೆ ಮಾಡಿ ಅನ್ನುವ ಅಧಿಕಾರ ಇತ್ತು. ಇದ್ದದ್ದನ್ನು ಬಿಟ್ಟು ಇಲ್ಲದ್ದನ್ನು ಚಲಾಯಿಸಲು ಹೋದರು.

11ಇ ನಕ್ಷೆ ಈಗ ಆಗಿದೆ. ಮೂವರ ಹಿಸ್ಸೆಯೂ ಪಹಣಿಯಲ್ಲಿ ಬೇರೆ ಬೇರೆ ಕೂತಿದೆ, ಅದಕ್ಕಾದರೂ ಈ ಗೋಜಲು ಕಾರಣವಾಯಿತು. ಕಳೆದ ಸಲ ಹೋದಾಗ ಹಕ್ಕಲಿನ ಜೋಳದ ಭಾಗವನ್ನು ಘಟ್ಟದಾಚೆಯ ಒಬ್ಬರಿಗೆ ಶುಂಠಿ ಹಾಕಲು ಕೊಟ್ಟಿದ್ದರು. ಬಾಯಿಮಾತಿನ ಗೇಣಿ. ಜೆಸಿಬಿ ಬಂದು ಬದು ಒಡೆದು ಏರಿ ಮಾಡಿದೆ. ಮೂಟೆಗಟ್ಟಲೆ ರಾಸಾಯನಿಕ ಗೊಬ್ಬರ, ಕಳೆನಾಶಕ ಬಂದಿದೆ. 5ನೇ ಕಲಂ ಪ್ರಕಾರ ಇದೂ ಆಗುವಂತಿಲ್ಲ, ಆದರೆ ಈ ಸೀಮೆಯಲ್ಲಿ ಶುಂಠಿಗೂ ಅನಾನಸಿಗೂ ಹೀಗೆ ಕೊಡುವುದು ಎಲ್ಲರಿಗೂ ಗೊತ್ತಿರುವ ವ್ಯವಹಾರ. "ಪಂಚಾಯತಿಯವ್ರು ಏನಾದ್ರೂ ಕೇಳಿದ್ರಾ?" ಅಂದೆ. "ಶುಂಠಿಗೆ ಯಾರು ಎನ್‌ಓಸಿ ಕೇಳ್ತಾರೆ ಮಾರಾಯಾ?" ಎಂದರು ಯಜಮಾನರು. ಕೆಳಗಿನ ತೋಟದವರು ಆ ವಾರವೇ ಪಿಡಿಒ ಅವರಿಗೆ ಒಂದು ಅರ್ಜಿ ಕೊಟ್ಟಿದ್ದಾರೆ. ಸೋಲಾರಿಗೆ ಹಾಕಿದ ಅಗಳ, ಇಂಗುಗುಂಡಿಯ ಷರತ್ತನ್ನು ಶುಂಠಿಗೂ ಹಾಕಿ ಎಂಬುದು ಅದರ ಕೋರಿಕೆ. ಅದು ಇನ್ನೂ ಅಜೆಂಡಾಕ್ಕೆ ಬಂದಿಲ್ಲ.